ವಾಲ್ಯೂಮ್ 38

ಗೋಡೆಗೆ ಅಂಟಿಕೊಂಡಂತಿರುವ ಇವತ್ತಿನ ತೆಳ್ಳನೆ ಟಿವಿಗಳಲ್ಲಿ ಚಿತ್ರ ಎಷ್ಟು ಚೆಂದವೋ ದನಿ ಅಷ್ಟೇ ಬಡಕಲು. ಸ್ಪೀಕರ್ ಅನ್ನೋದು ಗಾಳಿ ತಳ್ಳುವ ಯಂತ್ರ ನೋಡಿ, ತಳ್ಳೋಕೆ ಜಾಗ ಬೇಕು. ಈಗಿನ ಟಿವಿಗಳಲ್ಲಿ ಆ ಜಾಗವೇ ಇಲ್ಲ. ಅಂಗೈಗಿಂತ ಚಿಕ್ಕ ಸ್ಪೀಕರ್‌ಗಳು ನೆಲವನ್ನೋ ಹಿಂದಿನ ಗೋಡೆಯನ್ನೋ ನೋಡಿಕೊಂಡು ಮಾತಾಡುತ್ತವೆ. ಅದಕ್ಕೇ ಬೆಂಗಳೂರಿನ ಫ್ಲ್ಯಾಟುಗಳಿಗೆ ಸೌಂಡ್‌ಬಾರ್ ಬಂತು. ಸಂತೆಬಾಚಹಳ್ಳಿಯ ನಮ್ಮ ಮನೆಯಲ್ಲಿ ಅಪ್ಪನ ಹಳೇ ಆಂಪ್ಲಿಫೈಯರ್ ಅಟ್ಟದಿಂದ ಕೆಳಗಿಳಿಯಿತು.

ಅದು ಟೇಪ್‌ರೆಕಾರ್ಡರ್ ಕಾಲದ ಅಸೆಂಬಲ್ಡ್ ಸೆಟ್ಟು. ಮರದ ಎರಡು ಬಾಕ್ಸು, ಎದುರಿಗೆ ವಾಲ್ಯೂಮ್, ಬೇಸ್, ಟ್ರೆಬಲ್ ಅಂತ ಮೂರು ನಾಬು. ಅಪ್ಪ ಅದನ್ನು ಇಳಿಸಿದ್ದಕ್ಕೆ ಕೊಟ್ಟ ಕಾರಣ ಇದು: "ಟಿವೀಲಿ ಯಾರ್ ಮಾತಾಡಿದ್ರೂ ಬಾಯಲ್ಲಿ ಎಲೆಅಡಿಕೆ ಇಟ್ಕಂಡು ಮಾತಾಡ್ದಂಗೆ ಕೇಳ್ತದೆ ಕಣ್ಲಾ." ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕೆ.ಆರ್.ಪೇಟೆಯಿಂದ ಹುಡುಗನೊಬ್ಬ ಬಂದು ಎಲ್ಲ ಜೋಡಿಸಿ ಹೋದ. ಸೌಂಡೇನೋ ಗಡದ್ದಾಗಿ ಬಂತು. ಆದರೆ ಟಿವಿ ರಿಮೋಟಿನಲ್ಲಿ ಪ್ಲಸ್ ಒತ್ತಿದರೂ ಅಷ್ಟೇ, ಮೈನಸ್ ಒತ್ತಿದರೂ ಅಷ್ಟೇ. ಜೋರು ಮಾಡಬೇಕಂದ್ರೆ ಎದ್ದು ಹೋಗಿ ನಾಬ್ ತಿರುಗಿಸಬೇಕು. ಜಾಹೀರಾತು ಬಂದರೆ ಏಳಬೇಕು, ವಾರ್ತೆ ಬಂದರೆ ಮತ್ತೆ ಏಳಬೇಕು. ಅಪ್ಪನದು ಎಪ್ಪತ್ತು ದಾಟಿದ ಮಂಡಿ. ಕೊನೆಗೆ ನಾಬನ್ನು ಜೋರಿನಲ್ಲೇ ಬಿಟ್ಟು ಕೂತುಬಿಡೋರು. ಅವ್ವ ಫೋನ್ ಮಾಡಿದಳು. "ಅದೇನ್ ಬೀಈ ಓದಿದ್ಯೋ ಕಾಣೆ. ಒಂದ್ ಟಿವಿ ಸೌಂಡು ಕಮ್ಮಿ ಮಾಡಕ್ಕಾಗಕಿಲ್ವ? ತಲೆ ಸಿಡೀತದೆ."

ಶನಿವಾರ ಊರಿಗೆ ಹೋದೆ. ನಿಮ್ಮ ಮನೆಯಲ್ಲೂ ಇದೇ ಕತೆ ಇದ್ದರೆ ಟಿವಿಯ ಹಿಂಬದಿಯನ್ನು ಒಮ್ಮೆ ನೋಡಿ. ದನಿ ಹೊರಗೆ ಬರೋಕೆ ಸಾಮಾನ್ಯವಾಗಿ ಮೂರು ದಾರಿ ಇರುತ್ತವೆ.

ಒಂದು, ಆಪ್ಟಿಕಲ್. ಇದರಲ್ಲಿ ದನಿ ಬೆಳಕಿನ ರೂಪದಲ್ಲಿ ಹೋಗುತ್ತದೆ. ಹೆಚ್ಚಿನ ಟಿವಿಗಳು ಈ ದಾರಿಯಲ್ಲಿ ದನಿಯನ್ನು ಇದ್ದಷ್ಟೂ ಕಳಿಸಿ ಕೈತೊಳೆದುಕೊಳ್ಳುತ್ತವೆ. ಏರಿಸೋದು ಇಳಿಸೋದು ಆಚೆ ಕಡೆಯವರ ಕೆಲಸ. ನಮ್ಮನೆಯಲ್ಲಿ ಹುಡುಗ ಜೋಡಿಸಿದ್ದು ಇದನ್ನೇ, ನಡುವೆ ಒಂದು ಪುಟ್ಟ ಕನ್ವರ್ಟರ್ ಇಟ್ಟು.

ಎರಡು, ಎಚ್‌ಡಿಎಂಐ ಎಆರ್‌ಸಿ. 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಬಂದದ್ದು. ಎಚ್‌ಡಿಎಂಐ ಕೇಬಲ್ಲಿನ ಒಳಗೆ ಸಿಇಸಿ ಅಂತ ಒಂದು ತಂತಿ ಇದೆ, 13ನೇ ಪಿನ್ನು. ನೀವು ಟಿವಿ ರಿಮೋಟಿನಲ್ಲಿ ಪ್ಲಸ್ ಒತ್ತಿದರೆ, ಟಿವಿ ಆ ತಂತಿಯಲ್ಲಿ ಸೌಂಡ್‌ಬಾರಿಗೆ "ಸ್ವಲ್ಪ ಏರಿಸಪ್ಪಾ" ಅಂತ ಹೇಳಿಕಳಿಸುತ್ತದೆ. ಸೆಟ್ಟಿಂಗ್ಸಿನಲ್ಲಿ ಇದನ್ನು ಸ್ಯಾಮ್‌ಸಂಗ್‌ನವರು ಎನಿನೆಟ್ ಪ್ಲಸ್ ಅಂತಾರೆ, ಎಲ್‌ಜಿಯವರು ಸಿಂಪ್‌ಲಿಂಕ್ ಅಂತಾರೆ, ಸೋನಿಯವರು ಬ್ರಾವಿಯಾ ಸಿಂಕ್ ಅಂತಾರೆ. ಸೌಂಡ್‌ಬಾರ್ ತಂದೂ ಎರಡೆರಡು ರಿಮೋಟ್ ಹಿಡಿದು ಒದ್ದಾಡುವವರು ಮೊದಲು ಇದು ಆನ್ ಆಗಿದೆಯಾ ನೋಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಆದರೆ ಅಪ್ಪನ ಸೆಟ್ಟಿಗೆ ಈ ಭಾಷೆ ಬರಲ್ಲ, ಅದಕ್ಕೆ ಗೊತ್ತಿರೋದು ಕೈಭಾಷೆ ಮಾತ್ರ.

ಮೂರು, ಹೆಡ್‌ಫೋನಿನ ತೂತು. ಯಾರೂ ಮರ್ಯಾದೆ ಕೊಡದ ದಾರಿ. ಆದರೆ ಇಲ್ಲಿ ಬರುವ ದನಿಯನ್ನು ಸಾಮಾನ್ಯವಾಗಿ ಟಿವಿಯೇ ಏರಿಸಿ ಇಳಿಸಿ ಕಳಿಸುತ್ತದೆ. ಒಂದು ತುದಿಗೆ ಹೆಡ್‌ಫೋನ್ ಪಿನ್ನು, ಇನ್ನೊಂದು ತುದಿಗೆ ಕೆಂಪು-ಬಿಳಿ ಪಿನ್ನಿರುವ ವೈರು ಸಿಕ್ಕಿಸಿದೆ. ರಿಮೋಟ್ ಒತ್ತಿದೆ. ಮರದ ಬಾಕ್ಸು ಮಾತು ಕೇಳಿತು!

ಇಲ್ಲೊಂದು ಸೂಕ್ಷ್ಮ ಇದೆ. ಈಗ ವಾಲ್ಯೂಮ್ ಎರಡು ಕಡೆ ಇದೆ, ಟಿವಿಯಲ್ಲೊಂದು, ಆಂಪ್ಲಿಫೈಯರಿನಲ್ಲೊಂದು. ಟಿವಿಯಲ್ಲಿ ತೀರಾ ಕಮ್ಮಿ ಇಟ್ಟು ಆಂಪ್ಲಿಫೈಯರ್ ಜೋರು ಮಾಡಿದರೆ ದನಿಯ ಜೊತೆ ಬುಸ್ ಅನ್ನುವ ಸದ್ದೂ ದೊಡ್ಡದಾಗುತ್ತದೆ. ಟಿವಿಯನ್ನು ಪೂರ್ತಿ ಏರಿಸಿದಾಗ ಮನೆ ತಡಕೊಳ್ಳುವಷ್ಟು ಸದ್ದು ಬರುವ ಹಾಗೆ ನಾಬ್ ಇಟ್ಟು, ಆಮೇಲೆ ಅದನ್ನು ಮುಟ್ಟಬಾರದು. ಅವ್ವ ಎಲೆಅಡಿಕೆ ತಟ್ಟೆಯಿಂದ ಸುಣ್ಣ ತಂದು ನಾಬಿನ ಮೇಲೆ ಗುರುತು ಹಾಕಿದಳು. ಅವತ್ತು ಅಪ್ಪ ವಾರ್ತೆ ನೋಡಿದ್ದು 24ರಲ್ಲಿ.

ನಾಬಿದ್ದಾಗ ಜೋರು ಅಂದ್ರೆ ಜೋರು, ಅಷ್ಟೇ. ರಿಮೋಟ್ ಬಂದ ಮೇಲೆ ಜೋರಿಗೊಂದು ನಂಬರ್ ಬಂತು. ಅಪ್ಪ ಏರಿಸೋದು, ಅವ್ವ ಇಳಿಸೋದು, ನಡುವೆ ಪರದೆಯ ಮೇಲೆ ಅಂಕಿ ಕುಣಿಯೋದು. ಮರುವರ್ಷ ಯುಗಾದಿಗೆ ಹೋದಾಗ ಅದೇ ವಾರ್ತೆ 31ರಲ್ಲಿತ್ತು. ಗೌರಿ ಹಬ್ಬದ ಹೊತ್ತಿಗೆ 38. ವೈರು ಅದೇ, ಬಾಕ್ಸು ಅದೇ, ಸುಣ್ಣದ ಗುರುತೂ ಕದಲಿಲ್ಲ. ಆಫೀಸಿನಲ್ಲಿ ಬಗ್ ಹುಡುಕುವಾಗ ನಾವು ಮಾಡೋದೂ ಇದನ್ನೇ ಅಲ್ವಾ? ಬದಲಾಗದ್ದನ್ನೆಲ್ಲ ಒಂದೊಂದಾಗಿ ತೆಗೆದು ಹಾಕುತ್ತಾ ಹೋಗೋದು. ಇಲ್ಲಿ ಕೊನೆಗೆ ಉಳಿದದ್ದು ಅಪ್ಪನ ಕಿವಿ.

ವಯಸ್ಸಾದಂತೆ ಕಿವಿ ಎಲ್ಲ ದನಿಯನ್ನೂ ಸಮನಾಗಿ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗೋದು ಕೀರಲು ದನಿ, ಅಂದರೆ ಹೆಚ್ಚು ಕಂಪನದ್ದು. ಮಾತಿನಲ್ಲಿ ಸ್ವರಗಳು ದಪ್ಪ ದನಿಯವು, ಚೆನ್ನಾಗೇ ಕೇಳುತ್ತವೆ. ಸ, ಶ, ತ, ಕ ಇಂಥವು ತೆಳು, ಅವು ಜಾರಿಹೋಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನಂದರು ಅಂತ ಗೊತ್ತಾಗಲ್ಲ. "ಸಾಲ ತೀರ್ತಾ?" ಅಂದರೆ "ಕಾಲ ತೀರ್ತಾ?" ಅಂತ ಕೇಳಿಸಬಹುದು. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡಂಗೆ ಅಂತ ಅಪ್ಪ ಅಂದಿದ್ದರಲ್ಲ, ಅದು ಟಿವಿಯ ವರ್ಣನೆ ಆಗಿರಲಿಲ್ಲ.

"ನನ್ ಕಿವಿಗೇನಾಗಿದ್ದದು? ಈಗಿನೋರ್ಗೆ ಮಾತಾಡಕ್ ಬರಾಕಿಲ್ಲ" ಅಂತ ಅಪ್ಪ ವಾದ ಹೂಡಿದರು. ನಾನು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ ಮೂರು ಅಂಕಿ ತೋರಿಸಿದೆ. 24, 31, 38. ಹಾಲಿನ ಡೇರಿಯ ಲೆಕ್ಕ ಇಟ್ಟು ಅಭ್ಯಾಸವಿದ್ದ ಮನುಷ್ಯ, ಅಂಕಿ ಎದುರು ಹೆಚ್ಚು ಮಾತಾಡಲಿಲ್ಲ. ತುಸು ಹೊತ್ತು ಬಿಟ್ಟು, "ನಿಮ್ಮವ್ವ ಮಾತಾಡೋದೂ ಅರ್ಧಂಬರ್ಧ ಕೇಳ್ತದೆ. ಹೂಂ ಅಂತ ತಲೆ ಆಡಿಸ್ಕಂಡು ಇದ್ದೀನಿ" ಅಂದರು. ಅವ್ವ ಸೆರಗಿನ ತುದಿ ಹಿಡಿದು ಸುಮ್ಮನೆ ನಿಂತಳು. ಗಂಡ ತನ್ನ ಮಾತಿಗೆ ಬೆಲೆ ಕೊಡುತ್ತಿಲ್ಲ ಅಂತ ಅವಳು ಅಂದುಕೊಂಡು ಎಷ್ಟು ದಿನವಾಗಿತ್ತೋ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಅಲ್ಲಿಗೆ ಕರೆದುಕೊಂಡು ಹೋದೆ. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ಅಂತ ನೋಡಿದರು, ಇರಲಿಲ್ಲ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ದನಿ ಕೇಳಿಸಿದರು. ಗ್ರಾಫಿನ ಗೆರೆ ಎಡಗಡೆ ಸರಿಯಾಗೇ ಇತ್ತು, ಬಲಗಡೆಗೆ ಬರ್ತಾ ಕೆರೆ ಏರಿ ಇಳಿದ ಹಾಗೆ ಕೆಳಗಿಳಿದಿತ್ತು. ಇಂಥ ಕಿವಿಗೆ ಬರೀ ವಾಲ್ಯೂಮ್ ಏರಿಸಿದರೆ, ಮೊದಲೇ ಕೇಳುತ್ತಿದ್ದ ದಪ್ಪ ದನಿಯೂ ಅಷ್ಟೇ ಏರುತ್ತೆ. ಮನೆಯವರಿಗೆ ತಲೆನೋವು, ಕೇಳುವವರಿಗೆ ಅರ್ಧ ಲಾಭ. ಹಿಯರಿಂಗ್ ಏಡ್ ಯಾವ ದನಿ ಕಮ್ಮಿ ಇದೆಯೋ ಅದನ್ನು ಹೆಚ್ಚಾಗಿ ಏರಿಸುತ್ತದೆ.

ಮನೆಗೆ ಬಂದು ಆಂಪ್ಲಿಫೈಯರಿನ ಬೇಸ್ ಇಳಿಸಿ ಟ್ರೆಬಲ್ ಏರಿಸಿದೆ. ಟಿವಿಯಲ್ಲಿ ಮಾತು ಸ್ಪಷ್ಟ ಮಾಡುವ ಮೋಡ್ ಇತ್ತು, ಅದನ್ನೂ ಹಾಕಿದೆ. ಇವೆರಡಕ್ಕೂ ಕಾಸು ಖರ್ಚಿಲ್ಲ, ನೀವೂ ಮಾಡಿ ನೋಡಬಹುದು.

ಅಪ್ಪ ಮಿಷಿನ್ನನ್ನು ದಿನವಿಡೀ ಹಾಕಿಕೊಳ್ಳುವುದಿಲ್ಲ. ಗದ್ದೆಗೆ ಹೋಗುವಾಗ ಡಬ್ಬಿಯಲ್ಲೇ ಬಿಡುತ್ತಾರೆ, ಬೆವರಿಗೆ ಕೆಟ್ಟೀತು ಅನ್ನುವ ಭಯ. ಸಂಜೆ ಹಾಕಿಕೊಂಡು ಟಿವಿ ಮುಂದೆ ಕೂರುತ್ತಾರೆ. ಈಗ ವಾರ್ತೆ 22ರಲ್ಲಿ ನಡೆಯುತ್ತಿದೆ.

ಹೆಂಗಿದೆಯಪ್ಪಾ ಅಂತ ಫೋನಿನಲ್ಲಿ ಕೇಳಿದೆ.

"ಟಿವಿ ಚೆನ್ನಾಗ್ ಕೇಳ್ತದೆ ಕಣ್ಲಾ ಮಗ. ಆದ್ರೆ ನಿಮ್ಮವ್ವ ಬೈಯೋದೂ ಪೂರ್ತಿ ಕೇಳ್ತದೆ."

ಹಿಂದಿನಿಂದ ಅವ್ವ ನಕ್ಕಿದ್ದು ನನಗೂ ಕೇಳಿಸಿತು. ಮುಂದಿನ ಹಬ್ಬಕ್ಕೆ ನೀವು ಊರಿಗೆ ಹೋದಾಗ, ಟಿವಿ ಸೌಂಡ್ ಕಮ್ಮಿ ಮಾಡಿ ಅಂತ ಹೇಳೋಕೆ ಮುಂಚೆ ಪರದೆಯ ಮೇಲಿನ ಆ ಅಂಕಿಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.