ಬಿಸ್ಕತ್ತಿನ ಡಬ್ಬದಲ್ಲೊಂದು ಗ್ಯಾರೇಜು

ಹೊಸ ಸ್ಕೂಟರ್ ಮನೆಗೆ ಬಂದ ದಿನ ಅದಕ್ಕೆ ಸಿಗುವ ಮರ್ಯಾದೆ ಅಷ್ಟಿಷ್ಟಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲಿಗೆ ಹೂವಿನ ಹಾರ, ಸೀಟಿಗೆ ಹೊಸ ಕವರು, ಸುತ್ತಲೂ ಸ್ಟೀಲಿನ ಗಾರ್ಡು. ಇಷ್ಟೆಲ್ಲ ಆದಮೇಲೂ ಸೀಟಿನಡಿ ಕಂಪನಿಯವರು ಇಟ್ಟಿರುವ ಪುಟ್ಟ ರೆಕ್ಸಿನ್ ಚೀಲದ ಕಡೆಗೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಒಳಗೆ ಒಂದು ಸ್ಕ್ರೂಡ್ರೈವರ್, ಒಂದು ಪ್ಲಗ್ ಸ್ಪ್ಯಾನರ್, ಜೊತೆಗೆ ಇನ್ನೊಂದೆರಡು ಚಿಲ್ಲರೆ ಸಾಮಾನು. ಗಾಡಿ ಹಳತಾಗಿ ಗುಜರಿಗೆ ಹೋಗುವಾಗಲೂ ಎಷ್ಟೋ ಮನೆಗಳಲ್ಲಿ ಆ ಚೀಲದ ಗಂಟು ಬಿಚ್ಚಿರುವುದಿಲ್ಲ. ಮಗನಿಗೋ ಮಗಳಿಗೋ ಹದಿನೆಂಟು ತುಂಬಿ ಲೈಸೆನ್ಸ್ ಬಂದು ಕೀಲಿಕೈ ಕೊಡುವಾಗ ಅಪ್ಪ ಅಮ್ಮ ಹೇಳುವುದು ಎರಡೇ ಮಾತು: ನಿಧಾನ ಹೋಗು, ಹೆಲ್ಮೆಟ್ ಹಾಕಿಕೋ. ದಾರಿಯಲ್ಲಿ ಗಾಡಿ ನಿಂತರೆ ಏನು ಮಾಡಬೇಕು ಎಂದು ಕೇಳಿದರೆ ಉತ್ತರ ಇನ್ನೂ ಚಿಕ್ಕದು: ಫೋನ್ ಮಾಡು.

ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಅಕ್ಕೋರು ಈ ಉತ್ತರವನ್ನು ಒಪ್ಪುವವರಲ್ಲ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಲೇ ಜೀವನ ಕಳೆದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, 1989ರಲ್ಲಿ, ಮನೆಯಿಂದ ಶಾಲೆಗೆ ಹನ್ನೊಂದು ಕಿಲೋಮೀಟರು. ದಿನಕ್ಕೆರಡು ಬಸ್ಸು, ಎರಡೂ ಶಾಲೆಯ ಹೊತ್ತಿಗೆ ಸರಿಹೊಂದವು. ಆಗ ಹಳ್ಳಿಯ ಹೆಂಗಸರು ಓಡಿಸಬಹುದಾದ ಗಾಡಿ ಎಂದರೆ ಮೊಪೆಡ್. 1972ರಲ್ಲಿ ಪುಣೆಯಿಂದ ಲೂನಾ ಬಂದಿತ್ತು, 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂದಿತ್ತು. ಗೇರಿನ ಗೊಡವೆಯಿಲ್ಲ, ಕ್ಲಚ್ಚಿನ ಕಾಟವಿಲ್ಲ, ಸೀರೆ ಉಟ್ಟುಕೊಂಡೂ ಹತ್ತಬಹುದು. ಎಂಜಿನ್ ಕೈಕೊಟ್ಟರೆ ಸೈಕಲ್ಲಿನ ಹಾಗೆ ತುಳಿಯಲು ಪೆಡಲ್ ಬೇರೆ ಉಂಟು. ಅಂಥದೊಂದು ಗಾಡಿಯನ್ನು ಅಕ್ಕೋರು ಕೊಂಡರು. ಪೆಡಲ್ ಇದೆ ಎಂಬ ಧೈರ್ಯ ಎಷ್ಟು ದೂರದ್ದು ಎಂಬುದು ಮೊದಲನೇ ಏರಿನಲ್ಲೇ ತಿಳಿಯಿತು.

ಟೂ ಸ್ಟ್ರೋಕ್ ಎಂಜಿನ್ನಿನ ಸ್ವಭಾವವೇ ಬೇರೆ. ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಕುಡಿಸಬೇಕು. ಆ ಎಣ್ಣೆಯೂ ಪೆಟ್ರೋಲಿನೊಡನೆ ಉರಿಯುತ್ತದೆ, ಉರಿದ ಮಸಿ ಪ್ಲಗ್ಗಿನ ತುದಿಯಲ್ಲಿ ಕೂರುತ್ತದೆ. ಪ್ಲಗ್ಗಿನ ಎರಡು ತುದಿಗಳ ನಡುವಿನ ಸಂದು ಬರೀ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಕಿಡಿ ಹಾರಬೇಕು. ಮಸಿಯ ಒಂದು ಎಳೆ ಅಲ್ಲಿ ಸೇತುವೆ ಕಟ್ಟಿದರೆ ಮುಗಿಯಿತು, ಕಿಡಿ ಹಾರುವುದಿಲ್ಲ, ಗಾಡಿ ಮಿಸುಕುವುದಿಲ್ಲ. ಊರಿನ ಮೆಕ್ಯಾನಿಕ್ ಸಾಬರು ಎರಡು ಸಲ ಬಂದು ಪ್ಲಗ್ ಒರೆಸಿ ಕೊಟ್ಟರು. ಮೂರನೆಯ ಸಲ, "ಅಕ್ಕೋರೇ, ಇದಕ್ಕೆಲ್ಲ ನನ್ನ ಯಾಕೆ ಕರೀತೀರಿ? ಮಕ್ಕಳಿಗೆ ಮಗ್ಗಿ ಕಲಿಸ್ತೀರಿ, ನೀವು ಇಷ್ಟು ಕಲೀರಿ" ಎಂದು ಪ್ಲಗ್ ಸ್ಪ್ಯಾನರನ್ನು ಅವರ ಕೈಗೇ ಕೊಟ್ಟರು. ಬ್ರಿಟಾನಿಯಾ ಬಿಸ್ಕತ್ತಿನ ತಗಡಿನ ಡಬ್ಬವೊಂದು ಆ ದಿನ ಅಡುಗೆಮನೆ ಬಿಟ್ಟು ಗಾಡಿ ಏರಿತು.

ಡಬ್ಬದಲ್ಲಿ ಏನೇನು ಇರಬೇಕೆಂದು ಯಾವ ಪುಸ್ತಕವೂ ಹೇಳಲಿಲ್ಲ. ಒಂದೊಂದು ಸಲ ಗಾಡಿ ನಿಂತಾಗಲೂ ಒಂದೊಂದು ಸಾಮಾನು ಸೇರಿತು ಅಷ್ಟೆ. ಒಂದು ಹೊಸ ಪ್ಲಗ್, 21ನೇ ನಂಬರಿನ ಪ್ಲಗ್ ಸ್ಪ್ಯಾನರ್, ಬೆರಳಗಲ ಉಪ್ಪುಕಾಗದ. ಹಳೆಯ ಹತ್ತಿ ಸೀರೆಯ ತುಂಡು. ಪ್ಲಗ್ ಒರೆಸಲು ಟೆರಿಕಾಟು ಆಗದು. ಮಳೆಗಾಲದಲ್ಲಿ ಪ್ಲಗ್ಗಿನ ಕ್ಯಾಪಿಗೆ ಕಟ್ಟಲು ಒಂದು ಪ್ಲಾಸ್ಟಿಕ್ ಕವರು. ಹೆಡ್‌ಲೈಟಿನ ಬಲ್ಬು, ಹತ್ತಿಯಲ್ಲಿ ಸುತ್ತಿ. ಪಂಕ್ಚರಿಗೆ ಸಲ್ಯೂಷನ್, ರಬ್ಬರಿನ ತೇಪೆ, ಟೈರ್ ಎಬ್ಬಿಸುವ ಎರಡು ಲಿವರು. ಒಂದಿಷ್ಟು ತಂತಿ, ಕಪ್ಪು ಟೇಪು. ಇವುಗಳ ಮಧ್ಯೆ ಒಂದು ಚೂರು ಬಾರ್ ಸೋಪು ನೋಡಿ ನಗುವವರೇ ಹೆಚ್ಚು. ಪೆಟ್ರೋಲ್ ಟ್ಯಾಂಕು ಸಣ್ಣಗೆ ಸೋರಿದರೆ ಆ ಜಾಗಕ್ಕೆ ಸೋಪು ಉಜ್ಜಿ ಗ್ಯಾರೇಜಿನವರೆಗೆ ಹೋಗಬಹುದು ಎಂದು ಗೊತ್ತಿದ್ದವರು ನಗುವುದಿಲ್ಲ. ಕೈ ತೊಳೆಯಲೂ ಅದೇ ಆಯಿತು.

ಚೈನ್ ಲಾಕು ಸೇರಿದ್ದು ತಡವಾಗಿ. ಚೈನಿನ ಕೊಂಡಿ ಕೂಡಿಸುವ ಈ ಲಾಕಿಗೆ ಒಂದು ಪುಟ್ಟ ಕ್ಲಿಪ್ ಇರುತ್ತದೆ, ನೋಡಲು ಥೇಟ್ ಮೀನಿನ ಹಾಗೆ. ಒಂದು ತುದಿ ಮುಚ್ಚಿದ್ದು, ಇನ್ನೊಂದು ತುದಿ ಬಾಲದಂತೆ ಸೀಳಿದ್ದು. ಚೈನು ಓಡುವ ದಿಕ್ಕಿಗೆ ಮೀನಿನ ತಲೆ ಇರಬೇಕು, ಬಾಲ ಹಿಂದಿರಬೇಕು. ತಿರುವುಮುರುವಾದರೆ ಏನಾದರೂ ತಗುಲಿ ಕ್ಲಿಪ್ ಕಳಚುತ್ತದೆ. ಸಾಬರು ಇದನ್ನು "ಮೀನು ಮುಂದಕ್ಕೆ ಈಜಬೇಕು ಅಕ್ಕೋರೇ" ಎಂದು ಒಂದೇ ವಾಕ್ಯದಲ್ಲಿ ಹೇಳಿದ್ದರು. ಟ್ರೇನಿಂಗಿನಲ್ಲಿ ಕಲಿತ ಬೋಧನಾಕ್ರಮಕ್ಕಿಂತ ಇದು ವಾಸಿ ಎಂದು ಅಕ್ಕೋರು ಇಂದಿಗೂ ಹೇಳುವುದುಂಟು.

1993ರ ಜುಲೈ ತಿಂಗಳು. ಮಳೆಗಾಲದ ಒಂದು ಸಂಜೆ ಶಾಲೆಯಿಂದ ಬರುವಾಗ ಅರ್ಧ ದಾರಿಯಲ್ಲಿ ಆಕ್ಸಿಲರೇಟರ್ ಕೇಬಲ್ ಪಟ್ಟೆಂದು ತುಂಡಾಯಿತು. ಹಿಡಿ ಸುಮ್ಮನೆ ತಿರುಗುತ್ತದೆ, ಎಂಜಿನ್ ಗುಟುಗುಟು ಎನ್ನುತ್ತದೆ, ಗಾಡಿ ಮುಂದೆ ಹೋಗದು. ಎರಡೂ ಕಡೆ ಕಾಡು. ಡಬ್ಬದಲ್ಲಿ ಹೊಸ ಕೇಬಲ್ ಇತ್ತು. ಆದರೆ ಅದನ್ನು ಹಾಕಲು ಕಾರ್ಬುರೇಟರಿನ ಮುಚ್ಚಳ ತೆಗೆಯಬೇಕು. ಆ ಮಳೆಯಲ್ಲಿ ಮುಚ್ಚಳ ತೆಗೆದರೆ ಒಳಗೆ ನೀರು ಹೋಗಿ ಇದ್ದ ಎಂಜಿನ್ನೂ ನಿಂತೀತು. ಅಷ್ಟರಲ್ಲಿ ಒಂದು ಜೀಪು ಬಂತು. ಒಳಗೆ ನಾಲ್ಕು ಜನ. "ಹತ್ತಿ ಅಕ್ಕಾ, ಊರಿಗೆ ಬಿಡ್ತೀವಿ. ಗಾಡಿ ನಾಳೆ ತಗೊಂಡ್ರಾಯ್ತು" ಎಂದರು. ಅಕ್ಕೋರು ಬೇಡವೆಂದರು. ಅವರು ಒಳ್ಳೆಯವರೇ ಇದ್ದಿರಬಹುದು. ಕಷ್ಟಕ್ಕೆ ಒದಗುವ ಗುಣ ಮಲೆನಾಡಿನಲ್ಲಿ ಇನ್ನೂ ಬತ್ತಿಲ್ಲ. ಆದರೆ ಬೇಡ ಎನ್ನುವುದಕ್ಕೂ ಕೈಯಲ್ಲಿ ಏನಾದರೂ ಇರಬೇಕಾಗುತ್ತದೆ. ಏನೂ ಇಲ್ಲದೆ ಕತ್ತಲಾಗುವ ಹೊತ್ತಿನಲ್ಲಿ ನಿಂತವರಿಗೆ ಒಳ್ಳೆಯವರು ಯಾರು, ಅಲ್ಲದವರು ಯಾರು ಎಂದು ಆರಿಸುವ ಅವಕಾಶವೇ ಇರುವುದಿಲ್ಲ. ಅಕ್ಕೋರ ಕೈಯಲ್ಲಿ ಆಗ ಇದ್ದದ್ದು ಒಂದು ಸ್ಕ್ರೂಡ್ರೈವರ್. ಕಾರ್ಬುರೇಟರಿನ ಪಕ್ಕದ ಐಡ್ಲಿಂಗ್ ಸ್ಕ್ರೂ ಒಳಕ್ಕೆ ತಿರುಗಿಸಿದರೆ ಹಿಡಿ ತಿರುಗಿಸದೆಯೂ ಎಂಜಿನ್ ಜೋರಾಗಿ ಓಡುತ್ತದೆ ಎಂದು ಸಾಬರು ಒಮ್ಮೆ ತೋರಿಸಿದ್ದರು. ಮೂರು ಸುತ್ತು ತಿರುಗಿಸಿದರು. ಗಾಡಿ ತಾನಾಗಿ ತೆವಳತೊಡಗಿತು. ಸಮತಟ್ಟಿನಲ್ಲಿ ಸೈಕಲ್ಲಿನ ವೇಗ. ಏರಿನಲ್ಲಿ ಪೆಡಲ್ ತುಳಿಯುತ್ತ, ಇಳಿಜಾರಿನಲ್ಲಿ ಬ್ರೇಕು ಒತ್ತುತ್ತ ಮನೆ ಸೇರುವಾಗ ಏಳೂವರೆ. ಯಜಮಾನರು ಲಾಟೀನು ಹಿಡಿದು ದಣಪೆಯ ಹತ್ತಿರ ನಿಂತಿದ್ದರು.

ಈ ಕತೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಅದಕ್ಕೇ ಅವರ ಕಿರಿಯ ಮಗಳು ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ, ಅವಳಿಗೊಂದು ಸ್ಕೂಟರ್ ಬಂದಾಗ, ಡಬ್ಬ ಹಿಂದೆಯೇ ಬಂತು. ಮಗಳು ಮುಚ್ಚಳ ತೆರೆದು ನೋಡಿ, "ಅಮ್ಮಾ, ಇದಕ್ಕೆ ಕಾರ್ಬುರೇಟರೇ ಇಲ್ಲ" ಎಂದಳು.

"ಇಲ್ಲದಿದ್ರೆ ಪೆಟ್ರೋಲು ಎಲ್ಲಿಂದ ಕುಡಿಯತ್ತೆ ಅದು?"

ಮಗಳು ಹೇಳಿದ್ದು ಸರಿಯೇ. 2020ರ ಏಪ್ರಿಲ್ ಒಂದರಿಂದ ಬಿಎಸ್ 6 ನಿಯಮ ಬಂದಮೇಲೆ ಹೊಸ ಸ್ಕೂಟರುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಎಷ್ಟು ಪೆಟ್ರೋಲು ಬೇಕೆಂದು ಲೆಕ್ಕ ಹಾಕುವುದು ಒಂದು ಪುಟ್ಟ ಕಂಪ್ಯೂಟರು. ತಿರುಗಿಸಲು ಸ್ಕ್ರೂ ಇಲ್ಲ. ಪ್ಲಗ್ ಇದೆ, ಆದರೆ ಅದು ಸಣ್ಣದು. ಅಕ್ಕೋರ 21ನೇ ನಂಬರಿನ ಸ್ಪ್ಯಾನರ್ ಅದರ ಮೇಲೆ ಗಿರ್ರೆಂದು ಸುಮ್ಮನೆ ತಿರುಗುತ್ತದೆ, 16ರದ್ದು ಬೇಕು. ಚೈನಿಲ್ಲ, ಒಳಗೆ ಬೆಲ್ಟು; ಅದು ಹರಿದರೆ ರಸ್ತೆಬದಿಯಲ್ಲಿ ಮಾಡುವಂಥದ್ದೇನೂ ಇಲ್ಲ. ಟ್ಯೂಬಿಲ್ಲದ ಟೈರಿಗೆ ಸಲ್ಯೂಷನ್ ಹಚ್ಚಿ ತೇಪೆ ಹಾಕುವುದೆಲ್ಲಿ? ಒಂದೊಂದೇ ಸಾಮಾನು ಡಬ್ಬದಿಂದ ಹೊರಗೆ ಬಂದು ಜಗಲಿಯ ಮೇಲೆ ಕೂತಿತು. ಕೊನೆಗೆ ಉಳಿದದ್ದು ಹತ್ತಿ ಬಟ್ಟೆ, ಕಪ್ಪು ಟೇಪು, ಸ್ಕ್ರೂಡ್ರೈವರ್ ಮತ್ತು ಸೋಪು. ಕವಳ ಹಾಕುತ್ತಿದ್ದ ಯಜಮಾನರು, "ನಿನ್ನ ಗ್ಯಾರೇಜು ಬಾಗಿಲು ಹಾಕಿತು ನೋಡು. ಫೋನ್ ಇದೆಯಲ್ಲ, ಸಾಕು" ಎಂದರು.

ಅಕ್ಕೋರು ಮಾತಾಡಲಿಲ್ಲ. ಮರುದಿನ ಮಗಳನ್ನು ಹಿಂದೆ ಕೂರಿಸಿಕೊಂಡು ಸಾಬರಲ್ಲಿಗೆ ಹೋದರು. ಈಗ ಅಂಗಡಿ ಸಾಬರ ಮಗನದು; ಸಾಬರು ಸ್ಟೂಲಿನ ಮೇಲೆ ಕೂತಿರುತ್ತಾರೆ. ಅಲ್ಲಿ ಹೊಸ ಡಬ್ಬದ ಪಟ್ಟಿ ತಯಾರಾಯಿತು. ಮೊದಲನೆಯದು ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಕಿಟ್ಟು: ತೂತನ್ನು ಉಜ್ಜಿ ಸರಿಮಾಡುವ ಒಂದು ಚೂಪಾದ ಸಲಾಕೆ, ಸೂಜಿಯಂತೆ ಕಣ್ಣಿರುವ ಇನ್ನೊಂದು ಸಲಾಕೆ, ಅಂಟಂಟಾದ ರಬ್ಬರಿನ ಆರು ಸ್ಟ್ರಿಪ್ಪು, ಒಂದು ಟ್ಯೂಬ್ ಸಲ್ಯೂಷನ್, ಕತ್ತರಿಸಲು ಬ್ಲೇಡು. ಎರಡನೆಯದು ಗಾಳಿ ಪಂಪು. ಸೈಕಲ್ ಪಂಪು ಸಾಕಲ್ಲ ಎಂದರು ಅಕ್ಕೋರು. ಸೈಕಲ್ಲಿನ ವಾಲ್ವು ಬೇರೆ, ಸ್ಕೂಟರಿನದು ಬೇರೆ. ಬಾಯಿಗೆ ಸರಿಯಾದ ಅಡಾಪ್ಟರ್ ಇಲ್ಲದೆ ಪಂಪು ಕೂರುವುದೇ ಇಲ್ಲ. ಮೂರನೆಯದು ಫ್ಯೂಸು.

ಫ್ಯೂಸಿನ ಬಗ್ಗೆ ಸಾಬರು ಸ್ಟೂಲಿನಿಂದ ಎದ್ದು ನಿಂತೇ ಹೇಳಿದರು. ಈಗಿನ ಚಪ್ಪಟೆ ಫ್ಯೂಸುಗಳಿಗೆ ಬಣ್ಣವೇ ನಂಬರು: 10 ಆಂಪಿಯರಿನದು ಕೆಂಪು, 15ರದ್ದು ನೀಲಿ, 20ರದ್ದು ಹಳದಿ. ಕೆಂಪು ಹೋದ ಜಾಗಕ್ಕೆ ಕೆಂಪೇ ಬರಬೇಕು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೆಲಸ ಸಾಗಿಸುವ ಬುದ್ಧಿವಂತರು ಎಲ್ಲ ಊರಲ್ಲೂ ಇದ್ದಾರೆ. ಫ್ಯೂಸು ಸುಡುವುದು ವೈರು ಸುಡದಿರಲಿ ಎಂದು. ಅದು ಸುಡದ ಹಾಗೆ ಮಾಡಿದರೆ ಮುಂದೆ ಸುಡುವುದು ವೈರು, ಆಮೇಲೆ ಗಾಡಿ. ಎಂಜಿನಿಯರಿಂಗ್ ಓದುವ ಹುಡುಗಿ ಇದನ್ನು ಗಂಭೀರವಾಗಿ ಕೇಳಿಸಿಕೊಂಡಳು. ಅವಳ ಪುಸ್ತಕದಲ್ಲೂ ಇದೇ ಇದ್ದಿರಬೇಕು, ಬೆಳ್ಳಿ ಕಾಗದ ಇರಲಿಕ್ಕಿಲ್ಲ.

ಇನ್ನೊಂದು ಸ್ಪೇರ್ ಪಾರ್ಟನ್ನು ಯಾರೂ ಪಾರ್ಟೆಂದು ಎಣಿಸುವುದೇ ಇಲ್ಲ: ಎರಡನೆಯ ಕೀಲಿಕೈ. ಮಗಳು ಅದನ್ನು ಭದ್ರವಾಗಿ ಸೀಟಿನಡಿಯ ಡಿಕ್ಕಿಯಲ್ಲಿ ಇಟ್ಟಿದ್ದಳು. ಮೊದಲನೆಯದು ಕಳೆದರೆ ಡಿಕ್ಕಿ ತೆಗೆಯುವುದು ಯಾವುದರಿಂದ ಎಂದು ಅಮ್ಮ ಕೇಳಿದ ಮೇಲೆ ಅದು ರೂಮಿನ ಗೆಳತಿಯ ಪೆಟ್ಟಿಗೆ ಸೇರಿತು.

ಹಿಂದಿನ ಬಜಾಜ್ ಚೇತಕ್‌ಗೆ ಬೆನ್ನಿಗೊಂದು ಸ್ಟೆಪ್ನಿ ಇರುತ್ತಿತ್ತು. ಈ ಸ್ಟೆಪ್ನಿ ಎಂಬ ಪದ ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. ಕಾರುಗಳಿಗೆ ಬಿಡಿ ಚಕ್ರವೇ ಇಲ್ಲದ ಕಾಲದಲ್ಲಿ, 1904ರಲ್ಲಿ, ಆ ಬೀದಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಅಂಥ ಚಕ್ರ ಮಾಡಿ ಮಾರತೊಡಗಿದರು. ಇಂಗ್ಲಿಷರು ಆ ಪದವನ್ನು ಹೆಚ್ಚುಕಡಿಮೆ ಮರೆತರು. ಇಲ್ಲಿ ಪ್ರತಿಯೊಬ್ಬ ಲಾರಿ ಕ್ಲೀನರನ ಬಾಯಲ್ಲೂ ಅದು ಉಂಟು. ಗೇರಿಲ್ಲದ ಸ್ಕೂಟರುಗಳು ಬರುತ್ತಿದ್ದಂತೆ ಸ್ಟೆಪ್ನಿ ಮಾಯವಾಯಿತು. ಕಾರುಗಳಲ್ಲೂ ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ಟು ಇದ್ದರೆ ಬಿಡಿ ಚಕ್ರ ಬೇಕಿಲ್ಲ ಎಂದು 2020ರಲ್ಲಿ ಕೇಂದ್ರ ಸರಕಾರ ನಿಯಮ ಸಡಿಲಿಸಿತು. ಕಿಟ್ಟನ್ನು ಬಳಸಲು ಬಾರದವನಿಗೆ ಅದೂ ಆ ರೆಕ್ಸಿನ್ ಚೀಲದ ಹಾಗೆಯೇ.

ಹೀಗಾಗಿ ಪಟ್ಟಿ ಮುಗಿದರೂ ಅಕ್ಕೋರಿಗೆ ಸಮಾಧಾನವಿಲ್ಲ. ಸಾಬರ ಅಂಗಡಿಯಿಂದ ಸವೆದ ಟೈರೊಂದನ್ನು ಹಳೆಯ ರಿಮ್ಮಿನ ಸಮೇತ ತಂದು ಅಂಗಳದಲ್ಲಿಟ್ಟು, ತಾವೇ ಒಂದು ಮೊಳೆ ಹೊಡೆದರು. ಮಗಳು ಕೂಡಲೇ ಮೊಳೆ ಕೀಳಲು ಹೋದಳು, ತಡೆದರು. ಟ್ಯೂಬಿಲ್ಲದ ಟೈರಿನಲ್ಲಿ ಮೊಳೆಯೇ ಬಿರಡೆ. ಗಾಳಿ ನಿಧಾನಕ್ಕೆ ಹೋಗುತ್ತಿದ್ದರೆ ಪಂಪು ಹೊಡೆದು ಅಂಗಡಿವರೆಗೆ ಹೋಗಬಹುದು. ಸಲಾಕೆ, ಸ್ಟ್ರಿಪ್ಪು ಕೈಗೆ ಸಿದ್ಧವಾದ ಮೇಲೆಯೇ ಕೀಳಬೇಕು. ಸಲಾಕೆ ಒಳಗೆ ಹೋಗಲು ಸಿಕ್ಕಾಪಟ್ಟೆ ಬಲ ಬೇಕು. ಮೊದಲ ಸಲ ಮಗಳ ಅಂಗೈ ಕೆಂಪಾಯಿತು, ಮುಕ್ಕಾಲು ಗಂಟೆ ಹಿಡಿಯಿತು. ತೋಳಿನಿಂದ ತಳ್ಳದೆ ಮೈಭಾರ ಹಾಕಬೇಕೆಂದು ತಿಳಿದ ಮೇಲೆ ಇಪ್ಪತ್ತು ನಿಮಿಷ. ಸ್ಟ್ರಿಪ್ಪಿಗೆ ಸಲ್ಯೂಷನ್ ಹಚ್ಚಿ, ಕಣ್ಣಿನಲ್ಲಿ ಪೋಣಿಸಿ, ಮುಕ್ಕಾಲು ಭಾಗ ಒಳಗೆ ತಳ್ಳಿ, ಸಲಾಕೆಯನ್ನು ಮಾತ್ರ ಒಂದೇ ಎಳೆತಕ್ಕೆ ಹೊರಗೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳಬಾರದು. ಸೋಪು ಮತ್ತೆ ಕೆಲಸಕ್ಕೆ ಬಂತು! ಟೈರಿನ ಪಕ್ಕೆಯಲ್ಲಿ ಸೀಳಿದ್ದರೆ ಮಾತ್ರ ಈ ಯಾವ ಆಟವೂ ಬೇಡ. ಬ್ರೇಕಿನ ವಿಷಯಕ್ಕೂ ಅಷ್ಟೆ. ಅರೆಬರೆ ರಿಪೇರಿ ಮಾಡಿ ಓಡಿಸುವಂಥದ್ದಲ್ಲ. ಅಂಥ ಕಡೆ ಗಾಡಿ ಬದಿಗೆ ನಿಲ್ಲಿಸಿ ಫೋನು. ಯಜಮಾನರ ಮಾತಿಗೆ ಅಲ್ಲಿ ಬೆಲೆ ಉಂಟು.

ಡಬ್ಬದಲ್ಲಿದ್ದರೆ ಸಾಲದು, ಇಟ್ಟ ಸಾಮಾನಿಗೂ ವಯಸ್ಸಾಗುತ್ತದೆ. ಒಮ್ಮೆ ತೆರೆದ ಸಲ್ಯೂಷನ್ ಒಣಗುತ್ತದೆ, ಸ್ಟ್ರಿಪ್ಪು ಬಿರುಸಾಗುತ್ತದೆ, ಸ್ಪ್ಯಾನರಿಗೆ ತುಕ್ಕು. ಟೈರಿಗೆ ಜಾತಕವೇ ಬರೆದಿರುತ್ತದೆ: ಪಕ್ಕೆಯ ಮೇಲೆ 2319 ಎಂದಿದ್ದರೆ 2019ರ 23ನೇ ವಾರ ಹುಟ್ಟಿದ್ದು ಎಂದರ್ಥ. ಅಕ್ಕೋರ ಡಬ್ಬಕ್ಕೆ ವರ್ಷಕ್ಕೊಂದು ತಪಾಸಣೆ, ಆಯುಧಪೂಜೆಯ ಹಿಂದಿನ ದಿನ. ಎಲ್ಲ ಹೊರಗೆ ಸುರುವಿ, ಒರೆಸಿ, ಎಣ್ಣೆ ಸವರಿ, ಸತ್ತದ್ದನ್ನು ಎಸೆದು, ಮರುದಿನ ಕುಂಕುಮವಿಟ್ಟು ಒಳಗಿಡುವುದು.

ಮೊದಲ ಸೆಮಿಸ್ಟರಿನ ನಡುವೆ ಮಗಳು ಆಯುಧಪೂಜೆಗೆ ಬಂದಳು, ಶಿವಮೊಗ್ಗದಿಂದ ಸಾಗರಕ್ಕೆ ಎಪ್ಪತ್ತು ಕಿಲೋಮೀಟರಿನಷ್ಟು ದಾರಿ ಒಬ್ಬಳೇ ಸ್ಕೂಟರಿನಲ್ಲಿ. ಆಯನೂರು ದಾಟಿದ ಮೇಲೆ ಒಂದು ಸಲ, ಆನಂದಪುರದಲ್ಲಿ ಒಂದು ಸಲ ಅಪ್ಪನಿಗೆ ಫೋನ್ ಮಾಡಿದಳು, ಏನೂ ಆಗಿಲ್ಲವೆಂದು ಹೇಳಲು. ಡಬ್ಬ ಸುರುವಿದರೆ ಆರು ಸ್ಟ್ರಿಪ್ಪಿನಲ್ಲಿ ಉಳಿದಿದ್ದದ್ದು ಒಂದೇ ಒಂದು.

"ಐದು ಸಲ ಪಂಕ್ಚರ್ ಆಯ್ತೇನೇ?" ಅಮ್ಮ ಗಾಬರಿಯಾದರು.

"ನನ್ನದು ಒಂದು ಸಲ. ಉಳಿದದ್ದು ಕ್ಲಾಸಿನವರದ್ದು. ಹುಡುಗರೂ ನನ್ನನ್ನೇ ಕರೀತಾರೆ ಅಮ್ಮಾ."

"ದುಡ್ಡು ತಗೊಂಡ್ಯಾ?" ಜಗಲಿಯಿಂದ ಅಪ್ಪನ ಪ್ರಶ್ನೆ.

"ಸ್ಟ್ರಿಪ್ಪಿಗೊಂದು ಮಸಾಲೆ ದೋಸೆ."

ಅಕ್ಕೋರು ಸಲ್ಯೂಷನ್ ಟ್ಯೂಬನ್ನು ಹಿಚುಕಿ ನೋಡಿದರು. ಒಣಗಿತ್ತು. ಪೂಜೆಗೆ ಸೇವಂತಿಗೆ, ಬೂದುಗುಂಬಳ ತರಲು ಪೇಟೆಗೆ ಹೊರಟ ಯಜಮಾನರ ಚೀಟಿಯ ಕೊನೆಯಲ್ಲಿ ಇನ್ನೆರಡು ಸಾಲು ಸೇರಿಸಿದರು: ಸಲ್ಯೂಷನ್ ಒಂದು, ಸ್ಟ್ರಿಪ್ಪು ಒಂದು ಡಜನ್.