ಬೋಳು ಗಾಡಿ ಮತ್ತು ಕಮಲಾಪುರದ ದಾರಿ

ಕಲಬುರಗಿಯ ಖೂಬಾ ಪ್ಲಾಟ್‌ನಂಥ ಬಡಾವಣೆಯಲ್ಲಿ ಮೋಟಾರ್ ಸೈಕಲ್ಲು ಒಬ್ಬರ ಸೊತ್ತಲ್ಲ. ಬೆಳಿಗ್ಗೆ ಮಗ ಕಾಲೇಜಿಗೆ ಒಯ್ದರೆ ಸಂಜೆ ಅಪ್ಪ ಪೇಟೆಗೆ ಒಯ್ಯುತ್ತಾನೆ. ಸೋಮವಾರ ಅವ್ವ ಹಿಂದೆ ಕುಳಿತು ಶರಣಬಸವೇಶ್ವರರ ಗುಡಿಗೆ ಹೋಗಿಬರುತ್ತಾಳೆ. ಇಂಥ ಮನೆಯ ಅಂಗಳದಲ್ಲಿ ಮಗ ಒಂದು ರಜೆಯ ದಿನ ಪಾನಾ ಹಿಡಿದು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತನೆಂದರೆ ಮೊದಲು ಏಳುವ ಪ್ರಶ್ನೆ ಅವ್ವನದೇ: ‘ಎಲ್ಲಾ ಬಿಚ್ಚಿ ಬೋಳು ಮಾಡ್ಲಕತ್ತಿದಿ, ನಾ ಎಲ್ಲಿ ಕೂಡ್ಲೋ ತಮ್ಮಾ?’

ದೂರದ ಪ್ರಯಾಣಕ್ಕೆಂದು ಮಾಡಿದ ಭಾರೀ ಗಾಡಿಯ ಗಾಜು, ಪೆಟ್ಟಿಗೆ, ಹಿಂದಿನ ಸೀಟು, ಮಡ್‌ಗಾರ್ಡುಗಳನ್ನು ಕಳಚಿ ಒಂಟಿ ಸೀಟಿನ ತೆಳ್ಳನೆಯ ಗಾಡಿ ಮಾಡಿಕೊಳ್ಳುವ ಹುಚ್ಚು ಇಂದಿನದಲ್ಲ. ಅಮೆರಿಕದಲ್ಲಿ 1930-40ರ ದಶಕಗಳಲ್ಲೇ ಹುಡುಗರು ಮುಂದಿನ ಮಡ್‌ಗಾರ್ಡ್ ಕಿತ್ತೆಸೆದು, ಹಿಂದಿನದನ್ನು ಮೊಂಡು ಮಾಡಿಕೊಂಡು ಓಡಾಡುತ್ತಿದ್ದರು. ಬಾಲ ಮೊಟಕು ಮಾಡಿದ ಕುದುರೆಯಂತೆ ಕಾಣುವ ಆ ಗಾಡಿಗಳಿಗೆ ‘ಬಾಬರ್’ ಎಂಬ ಹೆಸರು ನಿಂತಿತು. ಇದರ ಉಲ್ಟಾ ಕತೆಯೂ ಉಂಟು. ಇಂದು ದೂರ ಪ್ರಯಾಣದ ಗಾಡಿಗಳ ರಾಜನೆನಿಸಿರುವ ಹೋಂಡಾ ಗೋಲ್ಡ್‌ವಿಂಗ್ 1975ರಲ್ಲಿ ರಸ್ತೆಗೆ ಬಂದಾಗ ಅದಕ್ಕೆ ಗಾಜೂ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ಕೊಂಡವರು ತಾವೇ ಒಂದೊಂದಾಗಿ ಹಚ್ಚಿಕೊಂಡರು. ಅದನ್ನು ಕಂಡ ಕಂಪನಿ 1980ರಲ್ಲಿ ಎಲ್ಲವನ್ನೂ ಕಾರ್ಖಾನೆಯಲ್ಲೇ ಜೋಡಿಸಿ ಮಾರಿತು. ಈಗಿನ ಹುಡುಗರು ಅದೇ ಗಾಡಿಯನ್ನು ತಂದು ಮತ್ತೆ ಬೋಳಿಸುತ್ತಾರೆ!

ನಮ್ಮಲ್ಲಿ ಈ ಆಸೆಗೆ ಹೆಚ್ಚಾಗಿ ಸಿಕ್ಕುವುದು ರಾಯಲ್ ಎನ್‌ಫೀಲ್ಡಿನ ಥಂಡರ್‌ಬರ್ಡ್. 2012ರ ನಂತರದ ಮಾದರಿಯಲ್ಲಿ 20 ಲೀಟರಿನ ಟಾಕಿ, 346 ಸಿ.ಸಿ. ಇಂಜಿನ್ನು, ತೂಕ 190 ಕಿಲೋಗೂ ಮೇಲೆ. 2018ರಲ್ಲಿ ಕಂಪನಿಯೇ ಈ ಗಾಡಿಯ ಬೆನ್ನಾಸರೆ ತೆಗೆದು, ನೇರ ಹ್ಯಾಂಡಲ್ಲು, ಒಂದೇ ತುಂಡಿನ ಸೀಟು, ಕಪ್ಪು ಅಲಾಯ್ ಚಕ್ರ ಹಾಕಿ ‘ಎಕ್ಸ್’ ಎಂಬ ಅಕ್ಷರ ಸೇರಿಸಿ ಮಾರಿತು. 2020ರಲ್ಲಿ ಥಂಡರ್‌ಬರ್ಡ್ ತಯಾರಿಕೆಯೇ ನಿಂತಿತು. ಕಾರ್ಖಾನೆ ಬೋಳಿಸಿದ ಆ ಗಾಡಿಯಲ್ಲೂ ಹಿಂದೆ ಒಬ್ಬರು ಕೂಡಲು ಜಾಗವಿತ್ತು, ಮಡ್‌ಗಾರ್ಡೂ ಇತ್ತು ಎಂಬುದನ್ನು ಪಾನಾ ಹಿಡಿದ ಹುಡುಗರು ಗಮನಿಸಬೇಕು.

ಯಾವ ಭಾಗ ಯಾತಕ್ಕಿದೆ ಎಂದು ತಿಳಿಯಲು ಪುಸ್ತಕವೇ ಬೇಕಿಲ್ಲ, ಕಮಲಾಪುರದ ದಾರಿ ಸಾಕು. ಖೂಬಾ ಪ್ಲಾಟ್ ಬಿಟ್ಟು, ಪೇಟೆಯ ಗದ್ದಲ ದಾಟಿ ಹುಮನಾಬಾದ್ ರಸ್ತೆ ಹಿಡಿದರೆ ಕಪನೂರಿನ ಕೈಗಾರಿಕಾ ಪ್ರದೇಶ. ಆಮೇಲೆ ತೊಗರಿಯ ಹೊಲಗಳು, ಮಹಾಗಾಂವ ಕ್ರಾಸ್, ಕುರಿಕೋಟಾ. ಮೊದಲು 218 ಎನಿಸಿಕೊಂಡಿದ್ದ ಈ ಹೆದ್ದಾರಿಗೆ ಈಗ 50ರ ಸಂಖ್ಯೆ. ಒಟ್ಟು ದೂರ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ.

ಊರೊಳಗೆ ಬೋಳು ಗಾಡಿಯದೇ ಮೇಲುಗೈ. ಪೆಟ್ಟಿಗೆಗಳಿಲ್ಲದ ಗಾಡಿ ಸೂಪರ್ ಮಾರ್ಕೆಟ್ಟಿನ ಆಟೋಗಳ ನಡುವೆ ಸಲೀಸಾಗಿ ತೂರುತ್ತದೆ, ಹಗುರಾಗಿ ತಿರುಗುತ್ತದೆ. ನೋಡುವವರ ಕಣ್ಣೂ ಬೀಳುತ್ತದೆ. ಊರು ದಾಟಿ ವೇಗ ಏರಿದ ಮೇಲೆ ಲೆಕ್ಕ ಬೇರೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಹೆಚ್ಚುತ್ತದೆಂದು ವಿಜ್ಞಾನದ ವಿದ್ಯಾರ್ಥಿಗಳು ಓದಿರುತ್ತಾರೆ. ಗಂಟೆಗೆ 40 ಕಿ.ಮೀ.ನಲ್ಲಿ ಎದೆಗೆ ತಾಕುವ ಗಾಳಿ 80ರಲ್ಲಿ ನಾಲ್ಕು ಪಟ್ಟಾಗುತ್ತದೆ. ಮೇ ತಿಂಗಳಲ್ಲಿ ಅದು ಗಾಳಿಯಲ್ಲ, ಒಲೆಯ ಝಳ. ತಗ್ಗಿಸಿದ ಹ್ಯಾಂಡಲ್ಲು ಮೈಭಾರವನ್ನೆಲ್ಲ ಮಣಿಕಟ್ಟಿಗೆ ತರುತ್ತದೆ; ಕುರಿಕೋಟಾ ಬರುವಷ್ಟರಲ್ಲಿ ಕೈ ಮಾತಾಡತೊಡಗುತ್ತದೆ.

ಇದೆಲ್ಲ ಬರೀ ತ್ರಾಸು, ತಡೆದುಕೊಳ್ಳಬಹುದು. ಮಡ್‌ಗಾರ್ಡಿನ ಮಾತು ಹಾಗಲ್ಲ. ಮಳೆಗಾಲದಲ್ಲಿ ಇಲ್ಲಿಯ ಎರೆಮಣ್ಣು ಚಕ್ರಕ್ಕೆ ಅಂಟಿದರೆ ಅಂಟಿದ್ದೇ. ಮೊಂಡು ಮಡ್‌ಗಾರ್ಡಿನ ಚಕ್ರ ಅದನ್ನೆತ್ತಿ ಓಡಿಸುವವನ ಬೆನ್ನಿಗೂ ಹಿಂದೆ ಬರುವವನ ಮುಖಕ್ಕೂ ಎರಚುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸೀರೆಯ ಸೆರಗು. ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂದೆ ಕೂಡುವವರಿಗೆ ಹಿಡಿಕೆ, ಕಾಲೂರಲು ಆಸರೆ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ಜಾಲರಿ ಇರಲೇಬೇಕೆನ್ನುತ್ತದೆ. ಬಟ್ಟೆ ಚಕ್ರಕ್ಕೆ ಸಿಕ್ಕಬಾರದೆಂಬುದೇ ಕಾರಣ. ಅಂದಗೇಡಿ ಎಂದು ಹುಡುಗರು ಮೊದಲು ಬಿಚ್ಚುವುದು ಈ ಜಾಲರಿಯನ್ನೇ. ಅಂಗಳದಲ್ಲಿ ನಿಂತು ಅವ್ವ ಕೇಳಿದ ಪ್ರಶ್ನೆಯೇ ಕಾನೂನಿನ ಪುಸ್ತಕದಲ್ಲೂ ಇದೆ.

ಇಂಜಿನ್ನಿನ ಸುತ್ತ ಕೈಹಾಕುವುದು ಇನ್ನೂ ನಾಜೂಕಿನ ಕೆಲಸ. ಗಾಡಿಯ ನಡು ಬರಿದಾಗಿ ಕಂಡರೆ ಚಂದವೆಂದು ಏರ್ ಫಿಲ್ಟರಿನ ಡಬ್ಬಿಯನ್ನೇ ತೆಗೆದು ಪುಟ್ಟ ಜಾಲರಿ ಸಿಕ್ಕಿಸುವವರಿದ್ದಾರೆ. ತೊಗರಿ ರಾಶಿಯ ಕಾಲಕ್ಕೆ ಈ ರಸ್ತೆಯಲ್ಲಿ ಏಳುವ ಹೊಟ್ಟು-ಧೂಳು ಕಂಡವರಿಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ: ಒಳಹೊಕ್ಕ ಧೂಳು ಪಿಸ್ಟನ್ನಿನ ರಿಂಗುಗಳನ್ನು ಉಜ್ಜಿ ಸವೆಸುತ್ತದೆ. ಗುಡುಗಿನಂಥ ಸದ್ದಿಗಾಗಿ ಸೈಲೆನ್ಸರಿನ ಒಳಗಿನ ತಗಡುಗಳನ್ನು ತೆಗೆಸಿದರೆ, ಕಾರ್ಬುರೇಟರ್ ಗಾಡಿಯಲ್ಲಿ ಗಾಳಿ-ಪೆಟ್ರೋಲಿನ ಹದ ತಪ್ಪುತ್ತದೆ. ಪೆಟ್ರೋಲು ಕಡಿಮೆಯಾಗಿ ಇಂಜಿನ್ನು ಕಾಯುತ್ತದೆ. ಅದೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ! 175 ಸಿ.ಸಿ.ಗಿಂತ ದೊಡ್ಡ ಗಾಡಿಗೆ ತಯಾರಿಕೆಯ ಹಂತದ ಪರೀಕ್ಷೆಯಲ್ಲಿ 80 ಡೆಸಿಬೆಲ್ ಸದ್ದಿನ ಮಿತಿಯಿದೆ; ಪರೀಕ್ಷೆಯ ಹಿಂದಿನ ರಾತ್ರಿ ಓದುತ್ತಿರುವ ಓಣಿಯ ಮಕ್ಕಳಿಗೆ ಆ ಮಿತಿಯ ಅರ್ಥ ಚೆನ್ನಾಗಿ ಗೊತ್ತು.

ಹಳೆಯ ಯೆಜ್ಡಿ ಸಿಕ್ಕಿದರೆ ಕತೆ ಮತ್ತೂ ಸೂಕ್ಷ್ಮ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಲ್ಲಿ ಜಾವಾ ಹೆಸರಿನಲ್ಲೂ 1973ರಿಂದ ಯೆಜ್ಡಿ ಹೆಸರಿನಲ್ಲೂ ಗಾಡಿ ಮಾಡಿ, 1996ರಲ್ಲಿ ಮುಚ್ಚಿತು. ಅದರ 250 ಸಿ.ಸಿ. ಗಾಡಿಗೆ ಸಿಲಿಂಡರು ಒಂದು, ಸೈಲೆನ್ಸರು ಎರಡು. ಶೋಕಿಗೆ ಒಂದನ್ನು ಕಿತ್ತರಾಯಿತೆಂದು ತೋರುವುದು ಸಹಜ. ಆದರೆ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವ ಹೊತ್ತಿಗೆ ಹೊಗೆಯ ಬಾಗಿಲೂ ತೆರೆದೇ ಇರುತ್ತದೆ. ಸೈಲೆನ್ಸರಿನಿಂದ ಮರಳುವ ಒತ್ತಡದ ಅಲೆ ಆ ಮಿಶ್ರಣ ಸುಮ್ಮನೆ ಹೊರಬೀಳದಂತೆ ತಡೆಯುತ್ತದೆ. ಹೀಗಾಗಿ ಕೊಳವೆಯ ಉದ್ದ, ಅಗಲವೆಲ್ಲ ಇಂಜಿನ್ನಿನ ಲೆಕ್ಕಕ್ಕೇ ಸೇರಿದ್ದು. ಮೂವತ್ತು ವರ್ಷ ಹಿಂದೆ ನಿಂತುಹೋದ ಗಾಡಿಯ ಭಾಗವನ್ನು ಒಮ್ಮೆ ಕತ್ತರಿಸಿದರೆ ಅದರ ಜೊತೆ ಹುಡುಕುವುದು ಸುಲಭವಲ್ಲ.

ಚಾಸಿಗೆ ಕಟರ್ ತಾಗಿಸುವುದಂತೂ ಬೇಡವೇ ಬೇಡ. ಬೆಸುಗೆಯ ಬಿಸಿಗೆ ಅಕ್ಕಪಕ್ಕದ ಉಕ್ಕಿನ ಗುಣ ಬದಲಾಗುತ್ತದೆ, ಎರಡು ಚಕ್ರಗಳು ಒಂದೇ ಸಾಲಿನಲ್ಲಿ ಉಳಿಯುವ ಭರವಸೆಯೂ ಇಲ್ಲ.

ತಂದೆ-ತಾಯಿ ತಿಳಿದಿರಬೇಕಾದ ಇನ್ನೊಂದು ಸಂಗತಿ ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಿಗದಿ ಮಾಡಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಸೇರಿಸಿದ 182ಎ ಕಲಮು ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಈ ಹೊಣೆ ಗಾಡಿಯ ಮಾಲೀಕನದು. ಕಾಲೇಜು ಹುಡುಗರ ಗಾಡಿಯ ಆರ್.ಸಿ. ಎಷ್ಟೋ ಸಲ ಅಪ್ಪನ ಹೆಸರಿನಲ್ಲೇ ಇರುತ್ತದೆ! ಅಪಘಾತವಾದರೆ ವಿಮೆಯವರೂ ಮೊದಲು ಹುಡುಕುವುದು ಇಂಥ ಬದಲಾವಣೆಗಳನ್ನೇ.

ಹಾಗೆಂದು ಪಾನಾ ಕಸಿದುಕೊಳ್ಳಬೇಕಿಲ್ಲ. ಗಾಡಿ ಕೊಂಡ ಮೇಲೆ ಮನೆಯವರೇ ಹಚ್ಚಿಸಿದ ಗಾಜು, ಪೆಟ್ಟಿಗೆ, ಕ್ಯಾರಿಯರು, ಹೆಚ್ಚುವರಿ ದೀಪಗಳನ್ನು ಧಾರಾಳವಾಗಿ ಬಿಚ್ಚಬಹುದು. ಅಷ್ಟಕ್ಕೇ ಗಾಡಿಯ ರೂಪ ಅರ್ಧ ಬದಲಾಗುತ್ತದೆ. ಬಿಚ್ಚಿದ್ದನ್ನು ನಟ್ಟು-ಬೋಲ್ಟು ಸಮೇತ ಚೀಟಿ ಹಚ್ಚಿ ಅಟ್ಟದ ಮೇಲಿಟ್ಟರೆ ಬೇಕಾದಾಗ ಮತ್ತೆ ಜೋಡಿಸಬಹುದು. ಬಣ್ಣ ಬದಲಿಸುವುದಿದ್ದರೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ಬರೆಸಬೇಕು. ಒಂದು ರಜೆಯಲ್ಲಿ ಅಪ್ಪ-ಮಗ ಕೂಡಿ ಇಷ್ಟು ಮಾಡಿದರೆ, ಯಾವ ಬೋಲ್ಟು ಏನನ್ನು ಹಿಡಿದಿದೆ ಎಂಬುದು ಇಬ್ಬರಿಗೂ ಗೊತ್ತಾಗುತ್ತದೆ.

ಕಮಲಾಪುರದಲ್ಲಿ ಗಾಡಿ ನಿಲ್ಲಿಸದೆ ಮುಂದೆ ಹೋಗುವವರು ಕಡಿಮೆ. ಊರಿಗೆ ಹೆಸರು ತಂದದ್ದು ಕೆಂಪು ಸಿಪ್ಪೆಯ ಬಾಳೆ. ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ದಪ್ಪ, ಗಿಡ್ಡ, ಘಮಘಮಿಸುವ ಹಣ್ಣು. ದರ ತುಸು ಹೆಚ್ಚು. ಮನೆಗೆಂದು ಒಂದು ಡಜನ್ ಕೊಂಡ ಮೇಲೆ ಒಂಟಿ ಸೀಟಿನ ಗಾಡಿಯವನು ಅತ್ತಿತ್ತ ನೋಡತೊಡಗುತ್ತಾನೆ. ಪೆಟ್ಟಿಗೆ ಅಟ್ಟದ ಮೇಲಿದೆ, ಕ್ಯಾರಿಯರು ಇಲ್ಲ. ಹ್ಯಾಂಡಲ್ಲಿಗೆ ತೂಗುಹಾಕಿದರೆ ತಿರುವಿನಲ್ಲಿ ಚೀಲ ಓಲಾಡಿ ಗಾಡಿಯನ್ನೇ ಎಳೆಯುತ್ತದೆ. ಕೊನೆಗೆ ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಹೊರಟರೆ ಖೂಬಾ ಪ್ಲಾಟ್ ಮುಟ್ಟುವಾಗ ಹಣ್ಣು ಯಾವ ಹದಕ್ಕೆ ಬಂದಿರುತ್ತದೋ, ಅದನ್ನು ಬಾಗಿಲಲ್ಲಿ ನಿಂತ ಅವ್ವನೇ ನೋಡಿ ಹೇಳಬೇಕು.