ಬಿಳಿ ಬೇರು

ಏಪ್ರಿಲ್ ಚಾಟ್ನಿಯಾಗಿ, ಅಂದರೆ ಬಳ್ಳಿ ಸವರಿದ ಮೇಲೆ, ಚಿಗುರು ಗೇಣುದ್ದ ಬಂದಿತ್ತು. ಐಗಳಿಯ ದ್ರಾಕ್ಷಿ ಪಡದಲ್ಲಿ ಕಾಕಾ ಒಬ್ಬರು ಬಳ್ಳಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಡ್ರಿಪ್ ಪೈಪು ಸರಿಸಿ, ಕುರ್ಪಿಯಿಂದ ಮೆಲ್ಲಗೆ ಮಣ್ಣು ಕೆದರಿದರು. ಹಸಿ ಮಣ್ಣಿನೊಳಗೆ ಶಾವಿಗೆ ಎಳೆಯಂಥ ಬೇರುಗಳು ಕಂಡವು. "ಬಿಳಿ ಬೇರು ಬಂದಾವ ನೋಡ್ ತಮ್ಮಾ" ಅಂದವರು ಒಂದು ಗಳಿಗೆ ತಡೆದು ಕೇಳಿದರು: "ಇವನ್ನ ಇನ್ನೂ ಜಾಸ್ತಿ ಮಾಡೂ ಔಷಧ ಯಾವ್ದೈತಿ?"

ಆ ಪ್ರಶ್ನೆ ನನ್ನ ತಲೆಯಿಂದ ಇಳಿದಿಲ್ಲ. ಅಥಣಿ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರರಿಗೆ ಸಸ್ಯದ ಹಾರ್ಮೋನುಗಳೆಂದರೆ ಪುಸ್ತಕದ ಮಾತಲ್ಲ. ಗೊಂಚಲು ಉದ್ದಕ್ಕೆ ಬರಲಿ, ಕಾಳು ದಪ್ಪವಾಗಲಿ ಎಂದು ಜಿಎ ದ್ರಾವಣದಲ್ಲಿ ಅದ್ದುತ್ತಾರೆ. ಸಿಕ್ಸ್ ಬಿಎ ಸಿಂಪಡಿಸುತ್ತಾರೆ. ಚಿಗುರು ವಿಪರೀತ ಓಡಿದರೆ ಸಿಸಿಸಿ ಹೊಡೆದು ತಡೆಯುತ್ತಾರೆ. ಜಿಎ ಎಂದರೆ ಜಿಬ್ಬರೆಲಿಕ್ ಆಮ್ಲ. ಭತ್ತದ ಸಸಿ ಹುಚ್ಚುಹುಚ್ಚಾಗಿ ಬೆಳೆದು ಬಿದ್ದುಹೋಗುವ ರೋಗದ ಬೆನ್ನು ಹತ್ತಿದ ಕುರೊಸಾವಾ ಎಂಬ ಜಪಾನಿ ವಿಜ್ಞಾನಿ 1926ರಲ್ಲಿ ಹಿಡಿದ ಸುಳಿವು ಅದು. ಆದರೆ ಇವೆಲ್ಲ ನೆಲದ ಮೇಲಿನ ಉಪಚಾರ. ಬೇರಿನ ಕತೆ ಬೇರೆ.

ಬೇರಿನ ಮೊದಲ ಹಾರ್ಮೋನು ಆಕ್ಸಿನ್. ಅದು ಹೆಚ್ಚಾಗಿ ತಯಾರಾಗುವುದು ಎಳೆ ಚಿಗುರಿನಲ್ಲಿ. ಅಲ್ಲಿಂದ ಜೀವಕೋಶದಿಂದ ಜೀವಕೋಶಕ್ಕೆ ದಾಟುತ್ತ, ಗಂಟೆಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬುಡದ ಕಡೆಗೆ ಇಳಿಯುತ್ತದೆ. ಕಡ್ಡಿಯನ್ನು ತಲೆಕೆಳಗು ತೂಗಿಹಾಕಿದರೂ ಬೇರು ಬರುವುದು ಮೂಲ ಬುಡದ ತುದಿಯಲ್ಲೇ! ನರ್ಸರಿಯವರು ಕಡ್ಡಿಯ ಒಂದು ತುದಿ ಓರೆ, ಇನ್ನೊಂದು ನೇರ ಕತ್ತರಿಸುವುದು ಈ ಬುಡ-ತುದಿ ಮರೆಯಬಾರದೆಂದೇ. ಬುಡವನ್ನು ಐಬಿಎಯಲ್ಲಿ ಅದ್ದುತ್ತಾರಲ್ಲ, ಅದೂ ಆಕ್ಸಿನ್ ಜಾತಿಯದೇ. ಅದರ ಅಗತ್ಯ ಬಹಳವಿರುವುದು ಡಾಗ್ರಿಜ್‌ಗೆ, ಬೇರು ಬಿಡುವುದರಲ್ಲಿ ಅದು ಮಹಾ ಹಠಮಾರಿ. ಅಮೆರಿಕದ ಟೆಕ್ಸಾಸಿನ ಒಣನೆಲದ ಕಾಡುದ್ರಾಕ್ಷಿ ಅದು. ಆರಿಸಿದವರು ಟಿ. ವಿ. ಮನ್ಸನ್, ಬೇರು ತಿನ್ನುವ ಹುಳದಿಂದ ಫ್ರಾನ್ಸಿನ ದ್ರಾಕ್ಷಿ ಉಳಿಸಲು ನೆರವಾದದ್ದಕ್ಕೆ 1888ರಲ್ಲಿ ಫ್ರೆಂಚ್ ಸರ್ಕಾರ ಗೌರವಿಸಿದ್ದೂ ಅವರನ್ನೇ. ಆ ಟೆಕ್ಸಾಸಿನ ಬೇರಿನ ಮೇಲೆ ನಮ್ಮವರು ಥಾಮ್ಸನ್ ದ್ರಾಕ್ಷಿಯ ಕಸಿ ಕಟ್ಟುತ್ತಾರೆ, ಬರಕ್ಕೂ ಸವಳಿಗೂ ಜಗ್ಗುವುದಿಲ್ಲವೆಂದು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಷ್ಟು ಕೇಳಿ, ಹಾಗಾದರೆ ಆಕ್ಸಿನ್ ಸುರಿದರಾಯಿತು ಅನ್ನಬೇಡಿ. ಹೊಸ ಬೇರು ಹುಟ್ಟಿಸುವ ಆಕ್ಸಿನ್ನೇ ತುಸು ಹೆಚ್ಚಾದರೆ ಹುಟ್ಟಿದ ಬೇರಿನ ಉದ್ದವನ್ನು ತಡೆಯುತ್ತದೆ. ಅಡ್ಡ ಬಿದ್ದ ಬೇರು ಕೆಳಕ್ಕೆ ಬಾಗುವುದು ಇದರಿಂದಲೇ: ಆಕ್ಸಿನ್ ಕೆಳಮಗ್ಗುಲಲ್ಲಿ ಸೇರಿ ಅಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಮೇಲಿನ ಮಗ್ಗುಲು ಬೆಳೆದು ಬಗ್ಗಿಸುತ್ತದೆ. ಕಾಂಡದಲ್ಲಿ ಅದೇ ರಸ ಕೆಳಮಗ್ಗುಲನ್ನು ಬೆಳೆಸಿ ಮೇಲಕ್ಕೆತ್ತುತ್ತದೆ. ಡಾರ್ವಿನ್ನರು ಮಗ ಫ್ರಾನ್ಸಿಸ್ ಜೊತೆ 1880ರಲ್ಲಿ ಬರೆದ ಪುಸ್ತಕದಲ್ಲಿ, ಹೀಗೆ ಬಾಗುವುದನ್ನು ನಡೆಸುವ ಬೇರಿನ ತುದಿಯನ್ನು ಕೆಳದರ್ಜೆಯ ಪ್ರಾಣಿಯ ಮಿದುಳಿಗೆ ಹೋಲಿಸಿದ್ದರು.

ಆದರೆ ಆಕ್ಸಿನ್ ಒಂದೇ ಎಲ್ಲವನ್ನೂ ನಡೆಸುವುದಿಲ್ಲ. ಇಲ್ಲಿ ತಂಬಾಕಿನ ನಿಪ್ಪಾಣಿ ನೆನಪಾಗುತ್ತದೆ. 1957ರಲ್ಲಿ ಅಮೆರಿಕದ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಕಾಂಡದ ತಿರುಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ಆಕ್ಸಿನ್ನಿನ ಪಾಲು ಹೆಚ್ಚಿದರೆ ಬೇರು ಬಂತು. ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನಿನ ಪಾಲು ಹೆಚ್ಚಿದರೆ ಚಿಗುರು. ಎರಡೂ ಹದವಾಗಿದ್ದರೆ ಬರಿ ಮುದ್ದೆ. ಬೇರಿನ ತುದಿಯಲ್ಲೂ ಇದೇ ಜಗ್ಗಾಟ. ಜೀವಕೋಶ ಒಡೆಯುತ್ತಿರಲಿ ಎನ್ನುತ್ತದೆ ಆಕ್ಸಿನ್. ಒಡೆದದ್ದು ಸಾಕು, ಬಲಿಯಿರಿ ಎನ್ನುತ್ತದೆ ಸೈಟೊಕೈನಿನ್. ಪಕ್ಕದ ಬೇರು ಹೊರಡಿಸುವುದೂ ಆಕ್ಸಿನ್, ತಡೆಯುವುದೂ ಸೈಟೊಕೈನಿನ್. ಕಾಕಾ ಹೊಡೆಯುವ ಸಿಕ್ಸ್ ಬಿಎ ಈ ಸೈಟೊಕೈನಿನ್ ಬಳಗದ್ದು. ಎಲೆಗೆ ಒಪ್ಪುವ ಔಷಧ ಬೇರಿಗೂ ಒಪ್ಪೀತೆಂದು ಬುಡಕ್ಕೆ ಹಾಕಿದರೆ ಕೆಲಸ ಕೆಟ್ಟಂತೆಯೇ.

ಆದರೂ ಸೈಟೊಕೈನಿನ್ ಬೇರಿನ ವೈರಿಯೇನಲ್ಲ. ಅದನ್ನು ತಯಾರಿಸಿ ರಸದೊಡನೆ ಮೇಲಕ್ಕೆ ಕಳಿಸುವುದರಲ್ಲಿ ಬಿಳಿ ಬೇರಿನ ತುದಿಗಳದೇ ದೊಡ್ಡ ಪಾಲು. ಏಪ್ರಿಲ್ ಚಾಟ್ನಿಯಾದ ಒಂದೂವರೆ-ಎರಡು ತಿಂಗಳಲ್ಲಿ ಹೊಸ ಕಡ್ಡಿಯ ಕಣ್ಣೊಳಗೆ ನಿರ್ಧಾರವೊಂದು ನಡೆಯುತ್ತದೆ: ಅಕ್ಟೋಬರ್ ಚಾಟ್ನಿಯ ಬಳಿಕ ಇಲ್ಲಿಂದ ಗೊಂಚಲು ಬರಬೇಕೋ, ತಂತಿಗೆ ಸುತ್ತಿಕೊಳ್ಳುವ ಬರಿ ಕುಡಿಯೋ? ಜಿಬ್ಬರೆಲಿನ್ ಮೇಲುಗೈಯಾದರೆ ಕುಡಿ, ಸೈಟೊಕೈನಿನ್ ಮೇಲುಗೈಯಾದರೆ ಗೊಂಚಲು. ಶ್ರೀನಿವಾಸನ್ ಮತ್ತು ಮುಲಿನ್ಸ್ ಎಂಬಿಬ್ಬರು 1978ರಲ್ಲಿ ಬಳ್ಳಿಯಿಂದ ಕಿತ್ತ ಕುಡಿಗಳನ್ನೇ ಸೈಟೊಕೈನಿನ್ ಕೊಟ್ಟು ಹೂಗೊಂಚಲಾಗಿಸಿ ತೋರಿಸಿದ್ದರು. ಅಂದಮೇಲೆ ಕಾಕಾ ಕುರ್ಪಿಯಿಂದ ಕೆದರಿ ನೋಡುತ್ತಿದ್ದದ್ದು ಮುಂದಿನ ವರ್ಷ ಶೆಡ್ಡಿನಲ್ಲಿ ಒಣಗಿ ಮಣೂಕವಾಗಲಿರುವ ದ್ರಾಕ್ಷಿಯನ್ನೇ ಅಲ್ಲವೇ?

ಸಾಲಿನ ನಡುವೆ ಟ್ರ್ಯಾಕ್ಟರ್ ಓಡಿ ಓಡಿ ಹಾದಿಯಂತಾಗಿತ್ತು. ಅಲ್ಲಿಯೂ ಕೆದರಿಸಿದೆ, ಬೇರೇ ಇರಲಿಲ್ಲ. ನೆಲ ಗಟ್ಟಿ, ಬೇರಿಗೆ ತೂರಲು ಬಲವಿಲ್ಲ ಎಂದೇ ನಾವೆಲ್ಲ ತಿಳಿಯುತ್ತೇವೆ. ನಾಟಿಂಗ್‌ಹ್ಯಾಮಿನಲ್ಲಿ ಬಿಪಿನ್ ಪಾಂಡೆ ಎಂಬ ವಿಜ್ಞಾನಿ ಮತ್ತು ಜೊತೆಗಾರರು 2021ರಲ್ಲಿ ಬೇರೊಂದು ಕಾರಣ ಕಂಡರು. ಬೇರು ತಾನೇ ಎಥಿಲೀನ್ ಬಿಡುತ್ತಿರುತ್ತದೆ, ಬಾಳೆಹಣ್ಣು ಮಾಗಿಸುವ ಅದೇ ಅನಿಲ. ಸಡಿಲ ಮಣ್ಣಿನಲ್ಲಿ ಅದು ಸಂದುಗಳಿಂದ ಹೊರಗೆ ಹೋಗುತ್ತದೆ. ಒತ್ತಿದ ಮಣ್ಣಿನಲ್ಲಿ ದಾರಿಯಿಲ್ಲದೆ ಬೇರಿನ ಸುತ್ತಲೇ ನಿಲ್ಲುತ್ತದೆ, ಮತ್ತು ಬೇರು ಅದನ್ನೇ ಕೇಳಿಕೊಂಡು ಸುಮ್ಮನಾಗುತ್ತದೆ. ಎಥಿಲೀನ್ ಗುರುತಿಸಲಾರದ ಸಸಿಗಳ ಬೇರು ಅದೇ ಗಟ್ಟಿ ಮಣ್ಣಿಗೆ ಇಳಿದವು! ಎಥಿಲೀನ್ ಇಲ್ಲಿ ಆಕ್ಸಿನ್ನನ್ನೇ ಕೈಗೆ ತೆಗೆದುಕೊಳ್ಳುತ್ತದೆ: ತುದಿಯಲ್ಲಿ ಆಕ್ಸಿನ್ ಏರಿಸಿ, ಬೇರು ಉದ್ದವಾಗದಂತೆ ಮಾಡುತ್ತದೆ. ಜವಳು ಹಿಡಿದ ನೆಲದಲ್ಲೂ ಆ ಅನಿಲಕ್ಕೆ ಹಾದಿ ಇರದು.

ನೀರು ಕಡಿಮೆಯಾದಾಗ ಅಬ್ಸಿಸಿಕ್ ಆಮ್ಲವೆಂಬ ಇನ್ನೊಂದು ಹಾರ್ಮೋನಿನ ಪ್ರವೇಶ. ಅದು ಎಲೆಯ ರಂಧ್ರ ಮುಚ್ಚಿಸುತ್ತದೆ, ಕೆಳಗೆ ಎಥಿಲೀನನ್ನು ಹದ್ದುಬಸ್ತಿನಲ್ಲಿಟ್ಟು ಬೇರಿನ ಓಟ ನಿಲ್ಲದಂತೆ ನೋಡಿಕೊಳ್ಳುತ್ತದೆ. ನಮ್ಮ ಹಿಂಗಾರಿ ಜೋಳ ಮಳೆಯಿಲ್ಲದೆ ಕರಿನೆಲದ ಹಸಿ ಹುಡುಕಿ ಇಳಿಯುವಾಗ ಬೇರಿನೊಳಗೆ ಇಂಥ ಮಾತುಕತೆಯೇ ನಡೆದಿರುತ್ತದೆ.

ಇದನ್ನೆಲ್ಲ ಹೇಳುತ್ತ ಕೂತೆ. ಕಾಕಾ ತಾಳ್ಮೆಯಿಂದ ಕೇಳಿದರು. "ಹಂಗಾರ ಔಷಧ ಒಂದ ಅಲ್ಲ ಅಂತೀ?"

"ಅಲ್ಲ ಕಾಕಾ. ಮೊದಲ ಸಾಲಿನ ನಡುವ ಮಣ್ಣು ಸಡ್ಲ ಮಾಡ್ರಿ, ಕೊಟ್ಟಿಗಿ ಗೊಬ್ಬರ ಹಾಕ್ರಿ. ಚಿಗುರು ತಾನ ಮಾತಾಡತೈತಿ."

ಅವರು ಟ್ರ್ಯಾಕ್ಟರಿನ ಗಾಲಿಗುರುತನ್ನು ಹಿಮ್ಮಡಿಯಿಂದ ಒತ್ತಿ ನೋಡಿದರು. ಆಮೇಲೆ ತಿರುಗಿ ಬಂದು, "ಬಿಸಲ ಬಡೀತೈತಿ" ಎನ್ನುತ್ತ ತೆರೆದ ಬೇರಿನ ಮೇಲೆ ಎರಡೂ ಕೈಯಿಂದ ಮಣ್ಣೆಳೆದು, ಪೈಪನ್ನು ಮೊದಲಿದ್ದಲ್ಲೇ ಇಟ್ಟರು.